ಮಣ್ಣನ್ನು ಕೇಳಿ ಟಯರು ಕೊಳ್ಳೋಣ



ಕಳೆದ ತಿಂಗಳ ಸಭೆಯಲ್ಲಿ ನಮ್ಮ ಬಳಗದ ಜೀಪಿನ ವಿಚಾರ ಚರ್ಚೆಗೆ ಬಂದಿತು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ಈ ಹಳೆಯ ವಾಹನ ಬೇಸಿಗೆಯಲ್ಲಿ ಸಸಿಗಳನ್ನೂ ಬಿತ್ತನೆ ಬೀಜವನ್ನೂ ಹೊರುತ್ತದೆ. ಮಳೆಗಾಲದಲ್ಲಿ ಬಸ್ಸು ಬಾರದ ಊರುಗಳಿಂದ ಬಸುರಿಯರನ್ನು, ಜ್ವರ ಹಿಡಿದವರನ್ನು, ಅಡಿಕೆ ಮರದಿಂದ ಬಿದ್ದ ಕೊನೆಗೌಡರನ್ನು ಆಸ್ಪತ್ರೆಗೆ ತಲುಪಿಸುತ್ತದೆ. ಅದರ ಟಯರುಗಳು ಸವೆದಿವೆ, ಸ್ಪ್ರಿಂಗ್ ಪಟ್ಟಿಗಳು ಕುಸಿದಿವೆ. ಮುಂಗಾರಿಗೆ ಮುನ್ನ ಎರಡನ್ನೂ ಬದಲಿಸಲೇಬೇಕು. ಕೈಯಲ್ಲಿರುವ ಹಣ ಮಿತವಾದುದು.

ಸಭೆಯಲ್ಲಿ ಎರಡು ಅಭಿಪ್ರಾಯಗಳು ಬಂದವು. ದಪ್ಪ ಗುಬುಟುಗಳುಳ್ಳ ಅಗಲವಾದ ‘ಬಟನ್ ಟಯರು’ಗಳನ್ನು ಹಾಕಿ, ಸ್ಪ್ರಿಂಗ್ ಬದಲಿಸಿ ಜೀಪನ್ನು ನಾಲ್ಕು ಅಂಗುಲ ಎತ್ತರಿಸಬೇಕು ಎಂದರು ಕಾಲೇಜಿನ ತರುಣರು. ಇರುವ ಸ್ಪ್ರಿಂಗಿಗೇ ಇನ್ನೆರಡು ಪಟ್ಟಿ ಸೇರಿಸಿದರೆ ಹೆಚ್ಚು ಹೊರೆ ಹೊರಬಹುದು ಎಂದರು ಹಿರಿಯರು. ಎರಡೂ ಮಾತುಗಳ ಹಿಂದೆ ಸದಾಶಯವಿದೆ. ಆದರೆ ಎರಡರಲ್ಲೂ ಒಂದು ಪ್ರಶ್ನೆ ಬಿಟ್ಟುಹೋಗಿದೆ: ಈ ಚಕ್ರ ಯಾವ ಮಣ್ಣಿನ ಮೇಲೆ ಉರುಳುತ್ತದೆ, ಆ ಮಣ್ಣು ಆಗ ಎಷ್ಟು ಹಸಿಯಾಗಿರುತ್ತದೆ? ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಮಲೆನಾಡಲ್ಲ, ದೂರದ ರಾಯಚೂರು. ಆ ಪಾಠವನ್ನು ಈ ಸಂಚಿಕೆಯಲ್ಲಿ ಹಂಚಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಹಿಂದಿನ ಸೆಪ್ಟೆಂಬರಿನಲ್ಲಿ ಮಣ್ಣಿನ ಮಾದರಿಗಳನ್ನು ಸಂಗ್ರಹಿಸುವ ಕೆಲಸಕ್ಕಾಗಿ ನಾನು ರಾಯಚೂರು, ದೇವದುರ್ಗ ಮತ್ತು ಮಾನ್ವಿಗೆ ಹೋಗಬೇಕಾಯಿತು. ಬಳಗದ ಜೀಪನ್ನೇ ಕೊಂಡೊಯ್ದೆವು. ಜೊತೆಗೆ ಬಂದ ಇಬ್ಬರು ತರುಣರು ಎಲ್ಲಿಂದಲೋ ನಾಲ್ಕು ಬಟನ್ ಟಯರುಗಳನ್ನು ಎರವಲು ತಂದು ಹಾಕಿಸಿದ್ದರು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಆ ಸೀಮೆಯಲ್ಲಿ ಮೂರು ದಿನಗಳಲ್ಲಿ ಮೂರು ಬಗೆಯ ನೆಲ ನಮಗೆ ಎದುರಾಯಿತು. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಕಡೆಯವರಿಗೆ, 600-700 ಮಿಲಿಮೀಟರು ಮಳೆಯ ರಾಯಚೂರಿನಲ್ಲಿ ಜೀಪು ಹೂತುಹೋಗುವುದೆಂದರೆ ನಂಬಲಾಗದ ಮಾತು. ಆದರೆ ಆದದ್ದು ಅದೇ.

ಮೊದಲ ದಿನ ರಾಯಚೂರು ನಗರ. ಹಗಲಿಡೀ ಡಾಂಬರು ರಸ್ತೆಯಲ್ಲಿ ಓಡಿದ ಟಯರುಗಳು ಭೋರ್ಗರೆದು ನಮ್ಮ ಕಿವಿಗಳನ್ನು ಕಿವುಡಾಗಿಸಿದ್ದವು. ಗುಬುಟುಗಳ ನಡುವೆ ಜಾಗ ಬಿಟ್ಟಷ್ಟೂ ರಸ್ತೆಯನ್ನು ಮುಟ್ಟುವ ರಬ್ಬರು ಕಡಿಮೆಯಾಗುತ್ತದೆ. ಹಾಗಾಗಿ ಒದ್ದೆ ಡಾಂಬರಿನ ಮೇಲೆ ಬ್ರೇಕು ಒತ್ತಿದಾಗ ಇಂಥ ಟಯರು ಸಾಮಾನ್ಯ ಟಯರಿಗಿಂತ ಮುಂದಕ್ಕೆ ಜಾರಿ ನಿಲ್ಲುತ್ತದೆ. ಮಳೆಯಲ್ಲಿ ಘಟ್ಟ ಇಳಿಯುವ ನಾವು ಇದನ್ನು ನೆನಪಿಡಬೇಕು. ನಗರದ ಒಂದು ಟಯರು ಅಂಗಡಿಯಲ್ಲಿ ಗಾಳಿ ನೋಡಿಸಲು ನಿಂತಾಗ ಅಲ್ಲಿನ ಹಿರಿಯ ಕೆಲಸಗಾರರು ಟಯರಿನ ಮೇಲೆ ಅಂಗೈ ಇಟ್ಟು, “ಬಿಸಿ ಅದಾವ್ರಿ, ಈಗ ಹವಾ ನೋಡಿದ್ರ ಸುಳ್ಳು ಹೇಳ್ತದ. ಮುಂಜಾನಿ ತಂಪಿನ್ಯಾಗ ಬರ್ರಿ” ಎಂದರು. ಓಡಿ ಬಿಸಿಯಾದ ಟಯರಿನಲ್ಲಿ ಗಾಳಿಯ ಒತ್ತಡ ಏರಿರುತ್ತದೆ. ಅದನ್ನು ಹೆಚ್ಚೆಂದು ಭಾವಿಸಿ ಗಾಳಿ ಬಿಟ್ಟರೆ, ತಣಿದ ಮೇಲೆ ಒತ್ತಡ ಬೇಕಾದುದಕ್ಕಿಂತ ಕೆಳಗಿಳಿಯುತ್ತದೆ. ಗಾಳಿ ಕಡಿಮೆಯಾದ ಟಯರು ವೇಗದಲ್ಲಿ ಓಡುವಾಗ ತನ್ನ ಪಕ್ಕೆಗಳನ್ನು ಮಡಿಸಿ ಬಿಚ್ಚುತ್ತ ಒಳಗೊಳಗೇ ಕಾಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಆ ಊರಿನಲ್ಲಿ ಟಯರು ಸಿಡಿಯಲು ಅಷ್ಟೇ ಸಾಕು.

ಸಂಜೆ ಬಿಡುವಾದಾಗ ಕೋಟೆಗೆ ಹೋದೆವು. ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಮೀರಿದ ಉದ್ದದ ಒಂದೇ ಬಂಡೆಯಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನವಿದೆ. ಆ ಬಂಡೆಯನ್ನು ಸಾಗಿಸಿದ ಬಗೆಯನ್ನೂ ಅಲ್ಲಿಯೇ ಕೆತ್ತಿದ್ದಾರೆ: ಅರೆಗಳಿಲ್ಲದ ಗಟ್ಟಿ ಚಕ್ರಗಳ ಬಂಡಿ, ಅದನ್ನು ಎಳೆಯುವ ಕೋಣಗಳ ಉದ್ದನೆಯ ಸಾಲು, ಹಿಂದಿನಿಂದ ಚಕ್ರಕ್ಕೆ ಸನ್ನೆ ಹಾಕುವ ಆಳುಗಳು. ಏಳುನೂರು ವರ್ಷಗಳ ಹಿಂದಿನ ಆ ಕುಶಲಕರ್ಮಿಗಳ ಮುಂದಿದ್ದುದೂ ನಮ್ಮದೇ ಪ್ರಶ್ನೆ. ಹೊರೆ ಎಷ್ಟು, ನೆಲ ಎಂಥದು, ಅದಕ್ಕೆ ತಕ್ಕ ಚಕ್ರ ಯಾವುದು?

ಎರಡನೆಯ ದಿನ ದೇವದುರ್ಗದ ಕಡೆ. ಕೆಂಪು ಮಸಾರಿ ನೆಲ, ನಡುನಡುವೆ ಚೂಪಾದ ಕಲ್ಲು, ದಾರಿಯ ಎರಡೂ ಬದಿಗೆ ಬಳ್ಳಾರಿ ಜಾಲಿ. ಕಲ್ಲು ಟಯರಿನ ತಳಕ್ಕಿಂತ ಪಕ್ಕೆಯನ್ನು ಸೀಳುತ್ತದೆ. ಪಕ್ಕೆ ಸೀಳಿದ ಟಯರಿಗೆ ನೆಚ್ಚಬಹುದಾದ ದುರಸ್ತಿಯಿಲ್ಲ. ಜಾಲಿಯ ಮುಳ್ಳಾದರೋ ತಳದಿಂದಲೇ ಒಳಹೊಕ್ಕು ಸದ್ದಿಲ್ಲದೆ ಗಾಳಿ ಇಳಿಸುತ್ತದೆ. ಅಂದು ನಮಗೆ ಎರಡು ಪಂಕ್ಚರ್ ಆದವು. ದೊಡ್ಡ ಗುಬುಟುಗಳು ಮುಳ್ಳನ್ನು ತಡೆಯುತ್ತವೆ ಎಂಬ ತರುಣರ ನಂಬಿಕೆ ಅಲ್ಲಿಗೆ ಮುಗಿಯಿತು. ಮುಳ್ಳು ಗುಬುಟಿನ ಮೇಲಲ್ಲ, ನಡುವಿನ ತೆಳುವಾದ ಜಾಗದಲ್ಲಿ ಹೊಕ್ಕಿತ್ತು.

ಮಧ್ಯಾಹ್ನ ಕೃಷ್ಣೆಯ ದಡದ ಮರಳು ದಾರಿಯಲ್ಲಿ ಚಕ್ರಗಳು ಇಳಿಯತೊಡಗಿದಾಗ ಟಯರಿನ ಗಾಳಿ ಇಳಿಸಿ ದಾಟಿದೆವು. ಇದರ ಹಿಂದಿನ ಲೆಕ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹೊರೆಸಹಿತ ಜೀಪು 1600 ಕಿಲೋ ತೂಗಿದರೆ ಒಂದೊಂದು ಚಕ್ರದ ಮೇಲೆ ಸುಮಾರು 400 ಕಿಲೋ. ಟಯರು ನೆಲವನ್ನು ಒತ್ತುವ ಒತ್ತಡ, ಸ್ಥೂಲವಾಗಿ ಹೇಳುವುದಾದರೆ, ಅದರೊಳಗಿನ ಗಾಳಿಯ ಒತ್ತಡದಷ್ಟೇ. ಚದರ ಅಂಗುಲಕ್ಕೆ 32 ಪೌಂಡು ಗಾಳಿಯಿದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ ಆಗುತ್ತದೆ. ಆಗ 400 ಕಿಲೋ ಹೊರಲು ನೆಲವನ್ನು ಮುಟ್ಟುವ ಟಯರಿನ ತುಂಡು ಸುಮಾರು 178 ಚದರ ಸೆಂಟಿಮೀಟರು, ಅಂದರೆ ಅಂಗೈ ಮತ್ತು ಬೆರಳು ಸೇರಿದಷ್ಟು. ಗಾಳಿಯನ್ನು 18 ಪೌಂಡಿಗೆ ಇಳಿಸಿದರೆ ಆ ತುಂಡು 315 ಚದರ ಸೆಂಟಿಮೀಟರಿಗೆ ಹಿಗ್ಗುತ್ತದೆ. ಟಯರಿನ ಹೆಜ್ಜೆ ಉದ್ದವಾಗುತ್ತದೆ, ನೆಲದ ಮೇಲಿನ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಅಗಲವಾದ ಟಯರು ಕೊಂಡರೆ ಸಿಗುವ ಲಾಭದ ಬಹುಪಾಲು ಇರುವ ಟಯರಿನಲ್ಲೇ ಸಿಗುತ್ತದೆ. ಬೇಕಾದುದು ಎರಡೇ ಸಲಕರಣೆ: ಗಾಳಿಯ ಮಾಪಕ, ಗಾಳಿ ತುಂಬುವ ಪಂಪು. ಒತ್ತಡ ಇಳಿಸಿದಾಗ ನಿಧಾನವಾಗಿ ಓಡಿಸಬೇಕು, ಗಟ್ಟಿ ರಸ್ತೆಗೆ ಬಂದೊಡನೆ ಮತ್ತೆ ತುಂಬಿಸಿಕೊಳ್ಳಬೇಕು. 15 ಪೌಂಡಿಗಿಂತ ಕೆಳಗಿಳಿಸಿದರೆ ತಿರುವಿನಲ್ಲಿ ಟಯರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ.

ಮೂರನೆಯ ದಿನ ಮಾನ್ವಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳನ್ನು ದಾಟಿ, ಹಿಂಗಾರಿ ಜೋಳಕ್ಕೆ ಹದಗೊಳಿಸಿದ್ದ ಎರೆ ಹೊಲಗಳ ಕಡೆ ಹೊರಟೆವು. ಹಿಂದಿನ ರಾತ್ರಿ ಒಂದು ಹದವಾದ ಮಳೆಯಾಗಿತ್ತು. ಮೇಲೆ ಬಿಸಿಲು ಕಾಯಿಸಿದ ತೆಳುವಾದ ಪದರ, ಕೆಳಗೆ ಬೆಣ್ಣೆ. ಹೊಲದಂಚಿನ ಬಂಡಿದಾರಿಯಲ್ಲಿ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಗುಬುಟುಗಳ ಸಂದುಗಳೆಲ್ಲ ಎರೆಮಣ್ಣಿನಿಂದ ತುಂಬಿ, ನಮ್ಮ ದುಬಾರಿ ಟಯರುಗಳು ನಾಲ್ಕು ಕರಿಯ ಉಂಡೆಗಳಾದವು. ಟಯರು ದೊಡ್ಡದಾದುದರಿಂದ ಮಡ್‌ಗಾರ್ಡಿನ ಒಳಗೆ ಜಾಗ ಕಡಿಮೆಯಾಗಿ, ಅಲ್ಲಿಯೂ ಮಣ್ಣು ಗಿಡಿದು ಚಕ್ರ ತಿರುಗುವುದೇ ಕಷ್ಟವಾಯಿತು. ತರುಣರು ಎಕ್ಸಲರೇಟರು ಒತ್ತಿದರು. ಚಕ್ರ ನಿಂತಲ್ಲೇ ಸುತ್ತಿ, ಎರಡು ನಿಮಿಷಗಳಲ್ಲಿ ಜೀಪು ಹೊಟ್ಟೆಯ ಮಟ್ಟಕ್ಕೆ ಇಳಿಯಿತು. ನಾಲ್ಕೂ ಚಕ್ರಗಳಿಗೆ ಬಲವಿದ್ದರೆ ನಾಲ್ಕೂ ಚಕ್ರ ಹೂಳುತ್ತವೆ, ಅಷ್ಟೇ ವ್ಯತ್ಯಾಸ.

ಹೊಲದ ಒಡೆಯರು ಬಂದು ನೋಡಿದರು. ಬೈಯಲಿಲ್ಲ. “ಸಾಹೇಬ್ರ, ಎರಿ ಹಸಿ ಇದ್ದಾಗ ನಾವು ಎತ್ತು ಸೈತ ಹೊಲಕ್ಕ ಇಳಸಂಗಿಲ್ರಿ. ನೀವು ಜೀಪು ಇಳಿಸೀರಿ” ಎಂದರು. ಮಣ್ಣಿನ ವಿಷಯದಲ್ಲಿಯೇ ಡಾಕ್ಟರೇಟು ಪಡೆದ ನಾನು ತಲೆ ತಗ್ಗಿಸಿದೆ. ಮರುದಿನ ಮಧ್ಯಾಹ್ನ ನೆಲ ಬಿಗಿದ ಮೇಲೆ ಅವರ ಎತ್ತುಗಳೂ ನಮ್ಮ ಹಗ್ಗವೂ ಸೇರಿ ಜೀಪು ಮೇಲೆ ಬಂದಿತು. ಹಣ ಕೊಡಹೋದರೆ ಬೇಡವೆಂದು, ಒಳಗಿನಿಂದ ಎರಡು ಸಲಿಕೆ ತಂದು ಕೈಗಿತ್ತರು. ಸಂಜೆಯವರೆಗೆ ನಾವು ಮಾಡಿದ ಗುಂಡಿಗಳನ್ನು ನಾವೇ ಮುಚ್ಚಿದೆವು. ಮುಚ್ಚಿದೆವೆಂದರೆ ಕಣ್ಣಿಗೆ ಮುಚ್ಚಿದೆವು. ಕೆಳಗೆ ಒತ್ತಿಹೋದ ಮಣ್ಣನ್ನು ಬಿಡಿಸಲು ಸಲಿಕೆಗೆ ಸಾಧ್ಯವಿರಲಿಲ್ಲ.

ಈ ‘ಒತ್ತಿಹೋಗುವುದು’ ಎಂದರೇನು? ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಅರ್ಧದಷ್ಟು ಬರಿಯ ಸಂದು. ಆ ಸಂದುಗಳಲ್ಲಿ ನೀರು, ಗಾಳಿ, ಬೇರು, ಎರೆಹುಳು. ಎರೆಭೂಮಿಯಲ್ಲಿ ಜೇಡಿಯ ಅಂಶ ನೂರಕ್ಕೆ 30ಕ್ಕೂ ಮೀರಿ, ಅನೇಕ ಕಡೆ ಅರ್ಧದಷ್ಟಿರುತ್ತದೆ. ಹಸಿಯಾದಾಗ ನೀರೇ ಆ ಕಣಗಳ ನಡುವೆ ಜಾರುಗೊಬ್ಬಿನಂತೆ ವರ್ತಿಸುತ್ತದೆ. ಮೇಲಿನಿಂದ ಚಕ್ರ ಒತ್ತಿದರೆ ಕಣಗಳು ಜರುಗಿ ಸಂದುಗಳು ಮುಚ್ಚುತ್ತವೆ. ಒಣಗಿದಾಗ ಅದೇ ಮಣ್ಣು ಕಲ್ಲಿನಂತೆ ನಿಂತು ಅಷ್ಟೇ ಭಾರವನ್ನು ತಡೆಯುತ್ತದೆ. ಹೀಗಾಗಿ ಟಯರು ಯಾವುದೆಂಬುದಕ್ಕಿಂತ ಮಣ್ಣು ಹಸಿಯೋ ಒಣಗಿದೆಯೋ ಎಂಬುದೇ ಹಾನಿಯ ಪ್ರಮಾಣವನ್ನು ನಿರ್ಧರಿಸುತ್ತದೆ. ಇನ್ನೊಂದು ಅಂಶ: ಹಾನಿಯ ಬಹುಪಾಲು ಮೊದಲ ಓಟದಲ್ಲಿಯೇ ಆಗಿಬಿಡುತ್ತದೆ. ಆದುದರಿಂದ ಹೋಗಲೇಬೇಕಾದರೆ ಹಳೆಯ ಜಾಡಿನಲ್ಲಿಯೇ ಹೋಗಬೇಕು. ಕೆಸರು ತಪ್ಪಿಸಲೆಂದು ಪ್ರತಿಯೊಬ್ಬರೂ ಪಕ್ಕಕ್ಕೆ ಹೊರಳಿದರೆ ಎರಡು ಗೆರೆಯ ದಾರಿ ಇಪ್ಪತ್ತು ಅಡಿ ಅಗಲದ ಗಾಯವಾಗುತ್ತದೆ.

ಈಗ ಮಲೆನಾಡಿಗೆ ಮರಳೋಣ. ಎರೆಭೂಮಿಗೆ ಒಂದು ವರವಿದೆ. ಬೇಸಿಗೆಯಲ್ಲಿ ಅದು ಕುಗ್ಗಿ ಆಳವಾಗಿ ಬಿರಿಯುತ್ತದೆ, ಮಳೆಯಲ್ಲಿ ಹಿಗ್ಗುತ್ತದೆ. ಹೀಗೆ ಕುಗ್ಗಿ ಹಿಗ್ಗುತ್ತ ಒತ್ತಿಹೋದ ಮಣ್ಣನ್ನು ಕೆಲವು ವರ್ಷಗಳಲ್ಲಿ ಒಂದಿಷ್ಟು ತಾನೇ ಸಡಿಲಿಸಿಕೊಳ್ಳುತ್ತದೆ. ನಮ್ಮ ಜಂಬಿಟ್ಟಿಗೆ ಇಳಿಜಾರಿಗೆ ಆ ವರವಿಲ್ಲ. ಇಲ್ಲಿ ಮೇ ತಿಂಗಳಿನಲ್ಲಿ ಚಕ್ರ ಕೊರೆದ ಗೀರಿನಲ್ಲಿ ಜೂನಿನ ನೀರು ಹರಿಯುತ್ತದೆ, ಆಗಸ್ಟಿನ ಹೊತ್ತಿಗೆ ಅದು ಮೊಣಕಾಲುದ್ದದ ಕೊರಕಲಾಗುತ್ತದೆ. ಆ ಮಣ್ಣು ಕೆಳಗಿನ ತೋಟದ ಬಸಿಗಾಲುವೆಯನ್ನೂ ಹಳ್ಳದ ಮೀನಿನ ಮಡುವನ್ನೂ ತುಂಬುತ್ತದೆ. ಬ್ಯಾಣ, ಸೊಪ್ಪಿನಬೆಟ್ಟ, ಶೋಲೆಯ ಅಂಚಿನ ಹುಲ್ಲುಗಾವಲುಗಳಲ್ಲಿ ರಜಾದಿನಗಳಂದು ಸಾಲುಗಟ್ಟಿ ಏರುವ ವಾಹನಗಳ ಚಾಲಕರು ಈ ಆಗಸ್ಟನ್ನು ನೋಡಲು ಇಲ್ಲಿರುವುದಿಲ್ಲ. ನಾವು ಇರುತ್ತೇವೆ. ಅವರ ಟಯರನ್ನು ಕಂಡು ನಮ್ಮ ಮಕ್ಕಳು ಮರುಳಾಗುವ ಮೊದಲು ಅದರ ಜಾಡನ್ನೂ ನಾವು ತೋರಿಸಬೇಕಾಗಿದೆ.

ಸ್ಪ್ರಿಂಗಿನ ವಿಚಾರಕ್ಕೆ ಬರುತ್ತೇನೆ. ಸ್ಪ್ರಿಂಗ್ ಇರುವುದು ಹೊರೆ ಹೊರುವುದಕ್ಕಷ್ಟೇ ಅಲ್ಲ, ಚಕ್ರವನ್ನು ಸದಾ ನೆಲಕ್ಕೆ ತಾಗಿಸಿಡುವುದಕ್ಕೆ. ತಗ್ಗು ಬಂದಾಗ ಚಕ್ರ ಕೆಳಗಿಳಿಯಬೇಕು, ಉಬ್ಬು ಬಂದಾಗ ಮೇಲೇರಬೇಕು. ಸ್ಪ್ರಿಂಗಿನ ಕುಣಿತವನ್ನು ತಣಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಪಟ್ಟಿಗಳನ್ನು ಹೆಚ್ಚಿಸಿ ಸ್ಪ್ರಿಂಗನ್ನು ಬಿಗಿ ಮಾಡಿದರೆ ಏರುಪೇರಿನ ದಾರಿಯಲ್ಲಿ ಒಂದು ಚಕ್ರ ಗಾಳಿಯಲ್ಲಿ ತೂಗುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಇರುವ ವಾಹನದಲ್ಲಿ ಹಿಡಿತವಿಲ್ಲದ ಆ ಚಕ್ರ ವ್ಯರ್ಥವಾಗಿ ಸುತ್ತುತ್ತದೆ, ನೆಲದ ಮೇಲಿರುವ ಚಕ್ರಕ್ಕೆ ಬಲ ಸಾಲದೆ ಜೀಪು ನಿಲ್ಲುತ್ತದೆ. ಮುಂದಕ್ಕೆ ಹೋಗದೆ ಸುತ್ತುವ ಚಕ್ರವೇ ಮಣ್ಣನ್ನು ಅಗೆಯುವ ಗುದ್ದಲಿ. ಮೆದುವಾಗಿ ಉರುಳುವ ಚಕ್ರ ಮಣ್ಣನ್ನು ಒತ್ತುತ್ತದೆ. ಸುತ್ತುವ ಚಕ್ರ ಮಣ್ಣನ್ನು ಕಿತ್ತೆಸೆಯುತ್ತದೆ. ಜೊತೆಗೆ ಒಂದು ಮಾನವೀಯ ವಿಚಾರ: ನಮ್ಮ ಜೀಪು ಹೆಚ್ಚಿನ ದಿನಗಳಲ್ಲಿ ಹೊರುವುದು ಮೂಟೆಗಳನ್ನಲ್ಲ, ಒಬ್ಬ ರೋಗಿಯನ್ನು. ಹತ್ತು ಮೂಟೆಗಾಗಿ ಬಿಗಿಗೊಳಿಸಿದ ಸ್ಪ್ರಿಂಗು ಖಾಲಿ ಜೀಪಿನಲ್ಲಿ ಮುರಿದ ಸೊಂಟದವರನ್ನು ಹೇಗೆ ಕುಲುಕುತ್ತದೆಂಬುದನ್ನು ಕಳೆದ ಮಳೆಗಾಲದಲ್ಲಿ ಜೊತೆಗೆ ಹೋದವರು ಹೇಳಬಲ್ಲರು.

ಜೀಪನ್ನು ಎತ್ತರಿಸುವ ಸಲಹೆಗೂ ಇದೇ ಉತ್ತರ. ಎತ್ತರಿಸಿದಂತೆ ಭಾರದ ಕೇಂದ್ರ ಮೇಲೇರಿ, ಪಕ್ಕಕ್ಕೆ ವಾಲಿದ ದಾರಿಯಲ್ಲಿ ವಾಹನ ಮಗುಚುವ ಅಪಾಯ ಹೆಚ್ಚುತ್ತದೆ. ಚಕ್ರಕ್ಕೆ ಬಲ ಒಯ್ಯುವ ದಂಡದ ಕೀಲುಗಳು ವಕ್ರವಾಗಿ ಬೇಗ ಸವೆಯುತ್ತವೆ. ವಯಸ್ಸಾದವರಿಗೆ ಹತ್ತುವುದೇ ಆಗುವುದಿಲ್ಲ. ಕಾನೂನೂ ಇದಕ್ಕೆ ಅಡ್ಡಿ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ.

ದೊಡ್ಡ ಟಯರಿನ ಲಾಭವೂ ನಾವೆಣಿಸಿದಷ್ಟಿಲ್ಲ. ಟಯರಿನ ಪಕ್ಕದಲ್ಲಿ 215/75 ಆರ್ 15 ಎಂದಿದ್ದರೆ ಅಗಲ 215 ಮಿಲಿಮೀಟರು, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75ರಷ್ಟು, ರಿಮ್ಮು 15 ಅಂಗುಲ ಎಂದರ್ಥ. ಒಟ್ಟು ವ್ಯಾಸ ಸುಮಾರು 704 ಮಿಲಿಮೀಟರು. ಇದರ ಬದಲು 235/75 ಹಾಕಿದರೆ ವ್ಯಾಸ ಸುಮಾರು 734. ಅಂದರೆ ಜೀಪಿನ ಹೊಟ್ಟೆ ನೆಲದಿಂದ ಮೇಲೇರುವುದು ಕೇವಲ 15 ಮಿಲಿಮೀಟರು, ಒಂದು ಹೆಬ್ಬೆರಳಿನ ದಪ್ಪವೂ ಅಲ್ಲ. ಆ 15 ಮಿಲಿಮೀಟರಿಗಾಗಿ ಎಂಜಿನ್ನಿನ ಎಳೆತ, ಬ್ರೇಕಿನ ಬಿಗಿ, ಡೀಸೆಲ್ ಎಲ್ಲವನ್ನೂ ಒಂದಿಷ್ಟು ಕಳೆದುಕೊಳ್ಳಬೇಕು.

ಜೀಪೊಂದನ್ನೇ ದೂರುವುದು ನ್ಯಾಯವಲ್ಲ ಎಂಬ ಮಾತು ಬರಬಹುದು, ಅದು ನಿಜ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದುಬಂದಂತೆ, ಆಕ್ಸಲಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಯ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ದೇವದುರ್ಗದ ದಾರಿಗಳಲ್ಲಿ ಮರಳಿನ ಟಿಪ್ಪರುಗಳಿಂದ, ಮಾನ್ವಿಯ ಡಾಂಬರಿನ ಮೇಲೆ ಕಬ್ಬಿಣದ ಕೇಜ್ ವೀಲ್ ಹಾಕಿಕೊಂಡೇ ಓಡುವ ಟ್ರ್ಯಾಕ್ಟರುಗಳಿಂದ ಆದ ಗಾಯಗಳನ್ನು ಕಂಡುಬಂದೆವು. ನಮ್ಮಲ್ಲಿ ಕಲ್ಲು, ನಾಟಾ ಹೊತ್ತ ಲಾರಿಗಳಿವೆ. ಅವುಗಳ ಮೇಲೆ ಮಿತಿ ಹೇರಬೇಕೆಂದು ಕೇಳುವ ನಾವು ನಮ್ಮ ಚಕ್ರದ ಮೇಲೆ ಮಿತಿ ಹಾಕಿಕೊಂಡಿದ್ದರೆ ಮಾತ್ರ ಆ ಮಾತಿಗೆ ತೂಕ ಬರುತ್ತದೆ.

ಆದುದರಿಂದ ಮುಂದಿನ ಸಭೆಯ ಮುಂದೆ ಈ ಸಲಹೆಗಳನ್ನಿಡುತ್ತೇನೆ. ಕಂಪನಿ ಹೇಳಿದ ಅಳತೆಯ ಟಯರನ್ನೇ, ಗುಬುಟು ಮಧ್ಯಮವಾಗಿರುವ, ಡಾಂಬರಿಗೂ ಕಚ್ಚಾ ದಾರಿಗೂ ಒಗ್ಗುವ ‘ಆಲ್ ಟೆರೇನ್’ ಬಗೆಯದನ್ನು, ಪಕ್ಕೆ ಗಟ್ಟಿಯಿರುವುದನ್ನು ಆರಿಸಿ ಕೊಳ್ಳೋಣ. ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕು ಅಂಕಿ ನೋಡೋಣ. 1224 ಎಂದಿದ್ದರೆ 2024ರ ಹನ್ನೆರಡನೆಯ ವಾರದಲ್ಲಿ ತಯಾರಾದುದು. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತು ರಬ್ಬರು ಗಡುಸಾದ ಟಯರು ಅಗ್ಗಕ್ಕೆ ಸಿಕ್ಕರೂ ಬೇಡ. ಸ್ಪ್ರಿಂಗಿನ ಕುಸಿದ ಪಟ್ಟಿಗಳನ್ನು ಮೂಲ ಅಳತೆಗೇ ಬದಲಿಸಿ, ಬುಷ್ಷು, ಯು ಬೋಲ್ಟುಗಳನ್ನು ಹೊಸದು ಮಾಡಿ, ಉಳಿದ ಹಣದಲ್ಲಿ ನಾಲ್ಕು ಒಳ್ಳೆಯ ಶಾಕ್ ಅಬ್ಸಾರ್ಬರು ಹಾಕಿಸೋಣ. ಒಂದು ಮಾಪಕ, ಒಂದು ಪಂಪು, ಒಂದು ಗಟ್ಟಿ ಹಗ್ಗ, ಎರಡು ಸಲಿಕೆ ಜೀಪಿನಲ್ಲಿ ಸದಾ ಇರಲಿ. ಜಾರುವ ಏರಿಗೆ ಟಯರಿನ ಚೈನು ಬೇಕಾಗುತ್ತದೆ. ಅದು ನೆಲವನ್ನು ಕೊರೆಯುವುದರಿಂದ ರೋಗಿಯಿದ್ದಾಗ ಮಾತ್ರ ಬಳಸೋಣ. ಹಳೆಯ ಟಯರುಗಳನ್ನು ಅಂಗಳದಲ್ಲಿ ಎಸೆದು ಮಳೆನೀರು ತುಂಬಿಸಿ ಡೆಂಗಿ ಸೊಳ್ಳೆ ಸಾಕುವುದು ಬೇಡ, ಕೊಂಡ ಅಂಗಡಿಗೇ ಮರಳಿಸೋಣ.

ಎಲ್ಲಕ್ಕಿಂತ ಮುಖ್ಯವಾದ ಸಲಹೆಗೆ ಖರ್ಚಿಲ್ಲ. ಜೂನಿನಿಂದ ಅಕ್ಟೋಬರಿನವರೆಗೆ, ಜೀವದ ತುರ್ತಿಲ್ಲದ ಯಾವ ಕೆಲಸಕ್ಕೂ ನಮ್ಮ ಜೀಪು ಮಣ್ಣಿನ ದಾರಿಗೆ ಇಳಿಯಬಾರದು. ಸಸಿ, ಬೀಜ, ಸಭೆ, ಪಾಠ ಇವೆಲ್ಲ ಡಾಂಬರು ಮುಗಿಯುವಲ್ಲಿಂದ ತಲೆಹೊರೆಯ ಮೇಲೆ, ಕಾಲ್ನಡಿಗೆಯಲ್ಲಿ ಸಾಗಲಿ. ದಾರಿ ಉಳಿದರೆ ತಾನೇ ರಾತ್ರಿ ಎರಡು ಗಂಟೆಗೆ ಬಸುರಿಯನ್ನು ಕರೆದೊಯ್ಯಲು ಜೀಪು ಊರಿನವರೆಗೆ ಬರಲು ಸಾಧ್ಯ? ಈ ನಿಯಮಕ್ಕೆ ಗ್ರಾಮಸ್ಥರೂ ವಿದ್ಯಾರ್ಥಿಗಳೂ ತಮ್ಮ ಒಪ್ಪಿಗೆಯನ್ನಾಗಲಿ ಆಕ್ಷೇಪವನ್ನಾಗಲಿ ಸಭೆಗೆ ಬಂದು ತಿಳಿಸಬೇಕೆಂದು ಕೋರುತ್ತೇನೆ. ಜೊತೆಗೆ ಬಂದಿದ್ದ ಆ ಇಬ್ಬರು ತರುಣರು ಎರವಲು ಟಯರುಗಳನ್ನು ಹಿಂದಿರುಗಿಸಿದ್ದಾರೆ. ಸಲಿಕೆ ಕೊಳ್ಳುವ ಹೊಣೆಯನ್ನು ತಾವೇ ವಹಿಸಿಕೊಂಡಿದ್ದಾರೆ.